ಪಕ್ಕದ ಮನೆಯ ಪಾಲಿನ ಬಿಸಿ

ನಮ್ಮ ಬೀದಿಗೆ ಬೋರ್‌ವೆಲ್ ಲಾರಿ ಬಂದರೆ ಅಕ್ಕಪಕ್ಕದವರ ಎದೆ ಧಸಕ್ಕೆನ್ನುತ್ತದೆ. ಹೋದ ಬೇಸಿಗೆಯಲ್ಲಿ ಹಿಂದಿನ ಮನೆಯವರು ನಮ್ಮದಕ್ಕಿಂತ ಆಳಕ್ಕೆ ಕೊರೆಸಿದರು. ಎರಡೇ ತಿಂಗಳಲ್ಲಿ ನಮ್ಮ ಬೋರ್ ಬತ್ತಿತು. ಮಾತು ನಿಂತಿತು. ಈ ಸಲ ಈದ್‌ಗೆ ಬಿರಿಯಾನಿ ಡಬ್ಬಿಯೂ ಗೋಡೆ ದಾಟಲಿಲ್ಲ.

ಆದ್ದರಿಂದಲೇ ಸ್ವೀಡನ್ನಿನ ಮನೆಗಳ ಹೀಟ್ ಪಂಪ್ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಯಂತ್ರವಲ್ಲ, ನಿಯಮ.

ಅಲ್ಲೂ ಅಂಗಳದಲ್ಲಿ ಕೊರೆಯುತ್ತಾರೆ, ಆದರೆ ನೀರಿಗಲ್ಲ, ಬಿಸಿಗೆ. 1973ರ ತೈಲ ಬಿಕ್ಕಟ್ಟಿನ ನಂತರ ಎಣ್ಣೆ ಬಾಯ್ಲರ್‌ಗೆ ಬದಲಾಗಿ ಅನೇಕರು ಈ ದಾರಿ ಹಿಡಿದರು. ಬಂಡೆಯಲ್ಲಿ 100–200 ಮೀಟರ್ ಆಳದ ರಂಧ್ರ ಕೊರೆದು, ಯು ಆಕಾರದ ಪೈಪ್ ಇಳಿಸಿ, ಹೆಪ್ಪುಗಟ್ಟದ ದ್ರವವನ್ನು ಸುತ್ತಿಸುತ್ತಾರೆ. ಹೊರಗೆ ಹಿಮ ಸುರಿಯುತ್ತಿದ್ದರೂ ಬಂಡೆಯ ಉಷ್ಣತೆ ಶೂನ್ಯಕ್ಕಿಂತ ಕೆಲವು ಡಿಗ್ರಿ ಮೇಲೇ ಇರುತ್ತದೆ. ಅಷ್ಟು ಸಾಕು. ಫ್ರಿಜ್ ಒಳಗಿನ ಶಾಖವನ್ನು ಎಳೆದು ಹಿಂಬದಿಗೆ ತಳ್ಳುವಂತೆ, ಪಂಪ್ ಬಂಡೆಯ ಶಾಖವನ್ನು ಮನೆಯೊಳಗೆ ತರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಕೊರೆಸುವ ಖರ್ಚು ಮಾತ್ರ ದೊಡ್ಡದು.

ಆದರೆ ಬಂಡೆಯ ಬಿಸಿಗೂ ಮಿತಿಯಿದೆ. ರಂಧ್ರಗಳು ತೀರ ಹತ್ತಿರವಿದ್ದರೆ ಒಂದು ಇನ್ನೊಂದರ ಶಾಖ ಕದಿಯುತ್ತದೆ. ವರ್ಷಗಳು ಕಳೆದಂತೆ ಬಂಡೆ ತಣ್ಣಗಾಗಿ ಎರಡೂ ಮನೆಗಳ ಕರೆಂಟ್ ಬಿಲ್ ಏರುತ್ತದೆ. ಅದಕ್ಕೇ ಅಲ್ಲಿ ಕೊರೆಯುವ ಮೊದಲು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ನೆರೆಮನೆಯ ರಂಧ್ರದಿಂದ ಸಾಮಾನ್ಯವಾಗಿ 20 ಮೀಟರ್ ದೂರ ಬಿಡಬೇಕು. ಜಾಗ ಸಾಲದಿದ್ದರೆ ಓರೆಯಾಗಿ ಕೊರೆಯುವುದೂ ಉಂಟು.

ನೀರು ಬೇರೆ, ಬಿಸಿ ಬೇರೆ, ನಿಜ. ಬಾಯಾರಿದವನಿಗೆ ನಿಯಮ ಹೇಳುವುದೂ ಸುಲಭವಲ್ಲ. ಆದರೂ ನೆಲದ ಮೇಲಿನ ಕಾಂಪೌಂಡ್ ನೆಲದೊಳಗೆ ಇಲ್ಲ ಎಂಬ ಸತ್ಯ ಎರಡಕ್ಕೂ ಒಂದೇ. ನೆರೆಯವರ ಹಕ್ಕಿನ ಪಾಠವನ್ನು ನಾವು ಮದರಸದಲ್ಲಿ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಆ ಹಕ್ಕು ಕಾಂಪೌಂಡಿನ ಬುಡಕ್ಕೇ ಮುಗಿಯುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ಈಗ ಅಬ್ಬ ಇನ್ನೂ ಆಳಕ್ಕೆ ಕೊರೆಸುವ ಯೋಚನೆಯಲ್ಲಿದ್ದಾರೆ. ಲಾರಿಗೆ ಫೋನ್ ಮಾಡುವ ಮೊದಲು ಹಿಂದಿನ ಮನೆಯ ಬಾಗಿಲು ತಟ್ಟೋಣ, ಇರುವ ಒಂದೇ ಬೋರನ್ನು ಹಂಚಿಕೊಳ್ಳಲಾದೀತೇ ಎಂದು ಕೇಳೋಣ ಎಂದೆ. ಅವರಿನ್ನೂ ಹೂಂ ಎಂದಿಲ್ಲ. ನಾನಂತೂ ಬಿಡುವುದಿಲ್ಲ.