ಜೋಡಿ ಸರಿಯಿಲ್ಲ

ಮೈಸೂರು ದಸರಾ ಕುಸ್ತಿ ನೋಡಲು ನಮ್ಮ ಬೆಳಗೋಡಿನ ಕಡೆಯಿಂದ ಹೋಗುವವರು ಕಡಿಮೆ. ಆ ಕೆಲವರಲ್ಲೂ ಎರಡು ಪಂಗಡ. ದಸರಾ ಕಂಠೀರವ ಯಾರು, ದಸರಾ ಕೇಸರಿ ಯಾರು ಎಂದು ತೀರ್ಮಾನವಾಗುವ ದಿನ ನೋಡಿಕೊಂಡು ಹೊರಡುವವರದು ಒಂದು. ನವರಾತ್ರಿ ಶುರುವಾಗುತ್ತಿದ್ದಂತೆ ಹಾಸನಕ್ಕೆ ಇಳಿದು, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುವ ರೈಲು ಹಿಡಿದು, ಮೊದಲ ಎರಡು ಮೂರು ದಿನದ ಕುಸ್ತಿ ನೋಡಿ, ಗದೆ ಕೊಡುವ ಹೊತ್ತಿಗೆ ತೋಟದ ಮನೆಗೆ ವಾಪಸಾಗಿರುವವರದು ಇನ್ನೊಂದು. ಮಳೆ ಬಿಟ್ಟಿರುತ್ತದೆ, ಕಾಫಿ ಕುಯ್ಲು ಶುರುವಾಗಿರುವುದಿಲ್ಲ; ಮಲೆನಾಡಿನವನಿಗೆ ಸಿಗುವ ಸಣ್ಣ ಬಿಡುವು ಅದು. ಈ ಎರಡನೇ ಪಂಗಡದ ಹಿರಿಯರೊಬ್ಬರನ್ನು "ಕೊನೇ ದಿನ ಯಾಕೆ ಇರಲ್ಲ ಗೌಡ್ರೇ?" ಎಂದು ಕೇಳಿದರೆ, "ಕೊನೇ ದಿನ ಗೆದ್ದವನನ್ನ ನೋಡ್ಬೋದು ಕಣಯ್ಯ, ಕುಸ್ತಿ ನೋಡಕ್ಕಾಗಲ್ಲ" ಅನ್ನುತ್ತಾರೆ. ಮಾತು ಸ್ವಲ್ಪ ಅತಿಯಾಯಿತು. ಆದರೂ ಅದರಲ್ಲಿ ಹುರುಳಿದೆ.

ದೊಡ್ಡಕೆರೆ ಮೈದಾನದ ಬಳಿಯ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಒಂದು ಜೋಡಿ ಅಖಾಡಕ್ಕೆ ಬರುತ್ತದೆ ಅನ್ನಿ. ಇಳಿದವನು ಕೆಮ್ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಒಂದು ಹಿಡಿ ತೆಗೆದು ಎದುರಾಳಿಯ ಭುಜಕ್ಕೆ ಹಚ್ಚುತ್ತಾನೆ. ಅವನೂ ಇವನಿಗೆ ಹಚ್ಚುತ್ತಾನೆ. ಬೆವರಿಗೆ ಮೈ ಜಾರದೆ ಹಿಡಿತ ಸಿಗಬೇಕಲ್ಲ. ಇಷ್ಟರಲ್ಲೇ ಮೆಟ್ಟಿಲ ಮೇಲೆ ಕೂತವರು ಇಬ್ಬರ ಕತ್ತು, ತೊಡೆ, ಕಿವಿ ನೋಡಿ ಮುಗಿಸಿರುತ್ತಾರೆ. ಕಿವಿ ಯಾಕೆ ಅಂದರೆ, ವರ್ಷಗಟ್ಟಲೆ ಗರಡಿಯಲ್ಲಿ ತಲೆಗೆ ತಲೆ ಕೊಟ್ಟು ಉಜ್ಜಿಸಿಕೊಂಡ ಪೈಲ್ವಾನನ ಕಿವಿ ಮುದುಡಿ ಗಂಟಾಗಿರುತ್ತದೆ. ಅಂಥವನ ಎದುರು ನುಣುಪು ಕಿವಿಯ ಹುಡುಗನೊಬ್ಬ ನಿಂತರೆ ಮೇಲಿನಿಂದ ಕೂಗು ಬಂದೇ ಬರುತ್ತದೆ: "ಜೋಡಿ ಸರಿಯಿಲ್ಲ!" ಕುಸ್ತಿ ಇನ್ನೂ ಶುರುವೇ ಆಗಿಲ್ಲ, ಅಭಿಮಾನಿಯ ಮೊದಲ ತೀರ್ಪು ಬಂದಾಯಿತು. ಯಾರು ಗೆಲ್ಲುತ್ತಾರೆ ಅನ್ನುವುದು ಆಮೇಲಿನ ಪ್ರಶ್ನೆ. ಇವರಿಬ್ಬರೂ ಎದುರುಬದುರು ನಿಲ್ಲಬೇಕಾದವರೇ ಅನ್ನುವುದು ಮೊದಲನೆಯದು.

ಈ ಪ್ರಶ್ನೆಗೆ ಮೈಸೂರಿನಲ್ಲಿ ಒಂದು ಏರ್ಪಾಟೇ ಇದೆ. ದಸರೆಗೆ ಮೊದಲು ಪೈಲ್ವಾನರನ್ನೆಲ್ಲ ಕರೆಸಿ ಜೋಡಿ ಕಟ್ಟುತ್ತಾರೆ. ಪಾಯಿಂಟ್ ಕುಸ್ತಿಗಾದರೆ ತೂಕದ ಯಂತ್ರ ಹೇಳಿದ್ದೇ ಅಂತಿಮ, ಇಂತಿಷ್ಟು ಕಿಲೋದೊಳಗಿನವರು ಇಂತಿಷ್ಟು ಕಿಲೋದೊಳಗಿನವರ ಜೊತೆ. ನಾಡಕುಸ್ತಿಗೆ ಅದಷ್ಟೇ ಸಾಲದು. ವಯಸ್ಸು, ಮೈಕಟ್ಟು, ಯಾವ ಗರಡಿ, ಯಾರ ಕೈಯಲ್ಲಿ ಪಳಗಿದವನು, ಹಿಂದೆ ಯಾರನ್ನು ಚಿತ್ ಮಾಡಿದ್ದಾನೆ, ಎಲ್ಲವನ್ನೂ ತೂಗಿ ನೋಡುವ ಹಳೇ ಉಸ್ತಾದರ ಕಣ್ಣು ಬೇಕು. ಆ ಕಣ್ಣು ಎಷ್ಟು ಸರಿ ಎಂದು ಗೊತ್ತಾಗುವುದು ಮೊದಲ ದಿನಗಳಲ್ಲಿ. ಜೋಡಿ ಚೆನ್ನಾಗಿ ಕೂಡಿದ್ದರೆ ಹೆಸರೇ ಕೇಳಿರದ ಇಬ್ಬರು ಹುಡುಗರ ಪಟ್ಟಿಗೂ ಪ್ರತಿಪಟ್ಟಿಗೂ ಇಡೀ ಮೆಟ್ಟಿಲು ಎದ್ದು ನಿಲ್ಲುತ್ತದೆ. ಕೂಡದಿದ್ದರೆ ಅರೆ ನಿಮಿಷದಲ್ಲಿ ಒಬ್ಬನ ಬೆನ್ನು ಮಣ್ಣಿಗೆ ಬಿದ್ದು, ಗೆದ್ದವನಿಗೂ ಸರಿಯಾದ ಚಪ್ಪಾಳೆ ಸಿಗುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತ ಹೊತ್ತು ಕಳೆದು ಸಮ ಅನ್ನಿಸಿಕೊಂಡರಂತೂ ಸಿಳ್ಳೆಯ ಅರ್ಥವೇ ಬದಲಾಗಿರುತ್ತದೆ.

ಜೋಡಿ ಸರಿಯಿಲ್ಲವೆಂಬ ಕೂಗು ಹೊಸದಲ್ಲ. ಭಾಗವತದ ದಶಮಸ್ಕಂಧದಲ್ಲಿ ಕಂಸ ಮಧುರೆಯಲ್ಲಿ ಏರ್ಪಡಿಸಿದ ಕುಸ್ತಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹರಿಕಥೆಯಲ್ಲಿ ಕೇಳುವಾಗ ನಾವು ಕೃಷ್ಣ ಚಾಣೂರನನ್ನು ಕೆಡವುವ ಜಾಗಕ್ಕೆ ಓಡುತ್ತೇವೆ. ಅದಕ್ಕೂ ಮೊದಲಿನ ಮಾತುಕತೆ ಹೆಚ್ಚು ರುಚಿಯಾದದ್ದು. ಚಾಣೂರ ಕುಸ್ತಿಗೆ ಕರೆದಾಗ ಕೃಷ್ಣ ತಕ್ಷಣ ತೊಡೆ ತಟ್ಟುವುದಿಲ್ಲ. ನಾವು ಹುಡುಗರು, ನಮ್ಮಷ್ಟೇ ಬಲದವರ ಜೊತೆ ಆಡುತ್ತೇವೆ, ಇಲ್ಲವಾದರೆ ನೋಡುತ್ತ ಕೂತ ಸಭೆಗೆ ಅಧರ್ಮ ತಟ್ಟೀತು ಎನ್ನುತ್ತಾನೆ. ಚಾಣೂರನ ಉತ್ತರ ಪಕ್ಕಾ ಜೋಡಿ ಕಟ್ಟುವ ಉಸ್ತಾದನದು: ನೀನೆಂಥ ಹುಡುಗ, ಈಗ ತಾನೆ ಬಾಗಿಲಲ್ಲಿ ಕುವಲಯಾಪೀಡವೆಂಬ ಆನೆಯನ್ನು ಕೊಂದು ಬಂದಿದ್ದೀಯ! ಅಂದರೆ ವಯಸ್ಸು ನೋಡಬೇಡಿ, ಹಿಂದಿನ ದಾಖಲೆ ನೋಡಿ. ಸಭೆಯಲ್ಲಿದ್ದ ಹೆಂಗಸರು ಇದನ್ನು ಒಪ್ಪುವುದಿಲ್ಲ. ಬೆಟ್ಟದಂಥ ಮಲ್ಲರೆಲ್ಲಿ, ಎಳೆಯ ಮೈಯ ಈ ಮಕ್ಕಳೆಲ್ಲಿ, ಇಂಥದ್ದು ನಡೆಯುವ ಕಡೆ ಬುದ್ಧಿಯಿದ್ದವರು ಕೂರಲೇಬಾರದು ಎಂದು ತಮ್ಮತಮ್ಮಲ್ಲೇ ಗೊಣಗುತ್ತಾರೆ. ಗೊಣಗುತ್ತಾರೆ, ಎದ್ದು ಹೋಗುವುದಿಲ್ಲ. ಪ್ರೇಕ್ಷಕರು ಅಂದರೆ ಅಷ್ಟೆ. ಚಾಣೂರ ಸತ್ತು ಉಳಿದ ಮಲ್ಲರು ಓಡಿದ ಮೇಲೆ ಕಂಸ ಮಾಡುವ ಮೊದಲ ಕೆಲಸ ವಾದ್ಯ ನಿಲ್ಲಿಸುವುದು. ಪ್ರಾಯೋಜಕರು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಆ ಹೆಂಗಸರು ಹೇಳಿದ್ದು ಸರಿಯೋ ತಪ್ಪೋ? ಸಮಬಲದವರೇ ಎದುರಾಗಬೇಕು ಎಂದದ್ದು ಸರಿ, ಕೃಷ್ಣನೇ ಆ ಮಾತು ಆಡಿದ್ದಾನೆ. ಎದುರಿಗಿದ್ದ ಹುಡುಗ ಎಳೆಯವನು ಎಂದುಕೊಂಡದ್ದು ಪೂರಾ ತಪ್ಪು. ಅಭಿಮಾನಿಗಳ ಮೊದಲ ದಿನಗಳ ತೀರ್ಪನ್ನೆಲ್ಲ ನಾನು ಈ ಎರಡು ಭಾಗ ಮಾಡಿಯೇ ಕೇಳುತ್ತೇನೆ. ಜೋಡಿಯ ಬಗ್ಗೆ ಅವರ ಮಾತಿಗೆ ಬೆಲೆ ಕೊಡಬೇಕು. ಆಳಿನ ಬಗ್ಗೆ ಆಡುವ ಮಾತನ್ನು ಒಂದು ವಾರ ತಡೆದು ಕೇಳಬೇಕು.

ಇದಕ್ಕೆ ಜಪಾನಿನ ಸಾಕ್ಷಿ ನನಗೆ ಸಿಕ್ಕಿದ್ದು ಕಾಫಿ ಕಣದಲ್ಲಿ. ನಮ್ಮ ಪಕ್ಕದ ಎಸ್ಟೇಟಿನ ರೈಟ್ರಿಗೆ ಸುಮೋ ಹುಚ್ಚು. ಸುಮೋದ ದೊಡ್ಡ ಪಂದ್ಯಾವಳಿಗಳು ವರ್ಷಕ್ಕೆ ಆರು, ಒಂದೊಂದೂ 15 ದಿನ. ಜನವರಿಯದು ಟೋಕಿಯೋದಲ್ಲಿ, ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿ, ಕುಯ್ಲಿನ ಗಡಿಬಿಡಿಯ ನಡುವೆ ಬರುತ್ತದೆ. ಅಲ್ಲಿ ಸಂಜೆ ಆರಕ್ಕೆ ಕೊನೆಯ ಕುಸ್ತಿ ಮುಗಿಯುವಾಗ ಇಲ್ಲಿ ಮಧ್ಯಾಹ್ನ ಎರಡೂವರೆ. ಹೀಗಾಗಿ ಆಳುಗಳು ಊಟಕ್ಕೆ ಕೂತ ಹೊತ್ತಿಗೆ ರೈಟ್ರು ಚೆರ್ರಿ ಚೀಲಕ್ಕೆ ಒರಗಿ ಮೊಬೈಲು ಹಿಡಿದಿರುತ್ತಾರೆ. ಇಬ್ಬರು ದೈತ್ಯರು ಉಪ್ಪು ಎರಚುತ್ತಾರೆ, ಕುಕ್ಕರಗಾಲಲ್ಲಿ ಕೂತು ದುರುಗುಟ್ಟುತ್ತಾರೆ, ಎದ್ದು ಹೋಗುತ್ತಾರೆ, ಮತ್ತೆ ಉಪ್ಪು. ಮೇಲಿನ ದರ್ಜೆಯವರಿಗೆ ಈ ಸಿದ್ಧತೆಗೇ ನಾಲ್ಕು ನಿಮಿಷ. ಕುಸ್ತಿ ಹೆಚ್ಚಿನ ಸಲ ಕೆಲವು ಸೆಕೆಂಡು. "ಇದೇನ್ರೀ, ಉಪ್ಪೇ ಜಾಸ್ತಿ ಆಯ್ತಲ್ಲ" ಎಂದೆ. "ಸಾರ್, ಆ ನಾಲ್ಕು ನಿಮಿಷದಲ್ಲೇ ಯಾರು ಸೋತ ಅಂತ ಗೊತ್ತಾಗ್ತದೆ" ಎಂದರು. ಅವರ ಭವಿಷ್ಯ ಸುಳ್ಳಾದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದು ಬೇರೆ ಮಾತು.

ಸುಮೋದಲ್ಲಿ ತೂಕದ ದರ್ಜೆ ಇಲ್ಲ. ಸುಮಾರು ನಾಲ್ಕೂವರೆ ಮೀಟರ್ ಅಗಲದ ಮಣ್ಣಿನ ವೃತ್ತಕ್ಕೆ ಯಾವ ತೂಕದವನ ಎದುರು ಯಾವ ತೂಕದವನು ಬೇಕಾದರೂ ಇಳಿಯಬಹುದು. ಅಷ್ಟೇ ಅಲ್ಲ, ಮೊದಲ ದಿನಗಳ ಜೋಡಿ ಬೇಕೆಂದೇ ಅಸಮ. ಎಲ್ಲಕ್ಕಿಂತ ಮೇಲಿನ ಪದವಿಯ ಯೊಕೊಝುನಾನಿಗೆ ಮೊದಲ ವಾರದಲ್ಲಿ ಕೆಳಗಿನ ಸಾಲಿನ ಹುಡುಗರು ಎದುರಾಗುತ್ತಾರೆ. ಸರಿಸಮರ ಕುಸ್ತಿ ಕೊನೆಯ ದಿನಗಳಿಗೆ. ಮೈಸೂರಿನ ಮೆಟ್ಟಿಲಲ್ಲಿ ಕೂತವರು ಇದನ್ನು ಕಂಡರೆ ಬೊಬ್ಬೆ ಹೊಡೆಯುತ್ತಿದ್ದರು. ಜಪಾನಿನವರು ಅದಕ್ಕೇ ಕಾದಿರುತ್ತಾರೆ. ಪದವಿಯಿಲ್ಲದ ಮಲ್ಲನೊಬ್ಬ ಯೊಕೊಝುನಾನನ್ನು ವೃತ್ತದಿಂದ ಆಚೆ ನೂಕಿದರೆ ಅದಕ್ಕೆ ಚಿನ್ನದ ನಕ್ಷತ್ರ ಎಂದು ಹೆಸರು, ಆ ಒಂದು ಗೆಲುವಿಗೆ ಮುಂದಿನ ಪ್ರತಿ ಪಂದ್ಯಾವಳಿಯಲ್ಲೂ ಅವನಿಗೆ ಹೆಚ್ಚುವರಿ ಹಣ. ನೋಡುವವರು ಕೂತಿದ್ದ ದಿಂಬನ್ನೇ ಎತ್ತಿ ಅಖಾಡದತ್ತ ಎಸೆಯುತ್ತಾರೆ. ಎಸೆಯಬೇಡಿ ಎಂಬ ಪ್ರಕಟಣೆ ಇದ್ದೇ ಇರುತ್ತದೆ, ದಿಂಬುಗಳು ಹಾರುತ್ತಲೇ ಇರುತ್ತವೆ. ಜೋಡಿ ಸರಿಯಿಲ್ಲದ್ದನ್ನೇ ಹಬ್ಬ ಮಾಡಿಕೊಂಡ ಜನ.

ಆಳನ್ನು ಅಳೆಯುವ ಅವಸರ ಮಾತ್ರ ಅಲ್ಲೂ ಇಲ್ಲೂ ಒಂದೇ. 2025ರ ಜನವರಿ ಪಂದ್ಯಾವಳಿ ನೋಡಿ. 12ನೇ ತಾರೀಕು ಶುರುವಾದಾಗ ಇಬ್ಬರ ಮೇಲೆ ಕಣ್ಣಿತ್ತು. ಹಿಂದಿನ ನವೆಂಬರಿನಲ್ಲಿ ಗೆದ್ದಿದ್ದ ಕೊಟೊಝಕುರಾ ಇದನ್ನೂ ಗೆದ್ದರೆ ಯೊಕೊಝುನಾ ಆಗುವವನಿದ್ದ. ಅವನ ಅಜ್ಜನೂ ಆ ಪದವಿಯಲ್ಲಿದ್ದವರು. ಇನ್ನೊಬ್ಬ ಮಂಗೋಲಿಯಾದ ಹೋಶೋರ್ಯು. ಇದ್ದ ಏಕೈಕ ಯೊಕೊಝುನಾ, ಮೊಣಕಾಲು ಸವೆದ ತೆರುನೊಫುಜಿ, ಮೊದಲ ದಿನವೇ ಸೋತು ವಾರ ತುಂಬುವ ಮೊದಲೇ ನಿವೃತ್ತಿ ಹೇಳಿದ. ಕೊಟೊಝಕುರಾ ಮೊದಲ ವಾರದಲ್ಲೇ ಸಾಲಾಗಿ ಸೋತು ಕೊನೆಗೆ 5 ಗೆಲುವು, 10 ಸೋಲಿಗೆ ನಿಂತ. ಒಂಬತ್ತನೇ ದಿನಕ್ಕೆ ಹೋಶೋರ್ಯುನದ್ದೂ ಮೂರು ಸೋಲು. "ಮುಗೀತು ಸಾರ್, ಇವನದೂ ಮುಗೀತು" ಎಂದು ರೈಟ್ರು ಮೊಬೈಲು ಜೇಬಿಗೆ ಹಾಕಿದರು. ಆಮೇಲೆ ಆತ ಒಂದನ್ನೂ ಸೋಲಲಿಲ್ಲ. 12 ಗೆಲುವಿನೊಂದಿಗೆ ಮೂವರ ನಡುವಿನ ನಿರ್ಣಾಯಕ ಸುತ್ತಿಗೆ ಹೋಗಿ ಇಬ್ಬರನ್ನೂ ಕೆಡವಿ 74ನೇ ಯೊಕೊಝುನಾ ಆದ. ಕಥೆ ಅಲ್ಲಿಗೆ ನಿಂತಿದ್ದರೆ ನೀತಿಕಥೆಯಾಗುತ್ತಿತ್ತು. ಮಾರ್ಚಿನಲ್ಲಿ ಹೊಸ ಪದವಿಯ ಮೊದಲ ದಿನವೇ ಸೋತು, ಗಾಯದಿಂದಾಗಿ ಹತ್ತನೇ ದಿನ ಹಿಂದೆ ಸರಿದ. ಯೊಕೊಝುನಾನಿಗೆ ಹಿಂಬಡ್ತಿ ಇಲ್ಲ. ಆಗದಿದ್ದರೆ ನಿವೃತ್ತಿಯೊಂದೇ ದಾರಿ. ಆದ್ದರಿಂದ ಅವನ ಮೊದಲ ದಿನದ ಸೋಲಿಗೆ ಜನರ ಉಸಿರು ಹೆಚ್ಚು ಬಿಸಿಯಾಗಿರುತ್ತದೆ.

ಮಲ್ಲರಿಗೆ ಪದವಿ ಕಟ್ಟುವುದು ನಮಗೂ ಹಳೆಯ ರೂಢಿಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈ, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಬೇಕು, ಅವರ ಊಟ ಉಪಚಾರವನ್ನು ಅರಸನೇ ನೋಡಿಕೊಳ್ಳಬೇಕು ಎನ್ನುತ್ತಾನೆ. ಮೈಸೂರಿನ ಕಂಠೀರವ ಎಂಬ ಬಿರುದಿನ ಹಿಂದಿರುವ ರಣಧೀರ ಕಂಠೀರವ ನರಸರಾಜ ಒಡೆಯರು (ಆಳಿದ್ದು 1638ರಿಂದ 1659) ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದ ಕಥೆಯಲ್ಲಿ ನನಗೆ ಕುತೂಹಲ ಅಲ್ಲಿನ ಪ್ರೇಕ್ಷಕರ ಬಗ್ಗೆ. ಗುರುತಿಲ್ಲದ ಪರದೇಶಿಯೊಬ್ಬ ಎದುರು ನಿಂತಾಗ ಅವರೂ "ಜೋಡಿ ಸರಿಯಿಲ್ಲ" ಎಂದೇ ಕೂಗಿರಬೇಕಲ್ಲ? ಆ ದೊರೆಯ ಮೇಲಿನ 1960ರ ಸಿನಿಮಾದಲ್ಲಿ ರಾಜ್‌ಕುಮಾರ್ ಅಖಾಡಕ್ಕಿಳಿದಾಗ ಟೆಂಟಿನಲ್ಲಿ ಕೂತವರಿಗೆ ಆ ಚಿಂತೆ ಇರಲಿಲ್ಲ.

ಕೂಗಿನ ಮಾತು ಬಂದದ್ದರಿಂದ ನಮ್ಮ ಸೀಮೆಯದೊಂದು ಸೇರಿಸದಿದ್ದರೆ ತಪ್ಪಾದೀತು. ಇಲ್ಲಿಂದ ದೂರವೇನೂ ಅಲ್ಲದ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಹಿಂದಿನ ಸೊಸೆವೂರು. ಅಲ್ಲಿ ಹುಲಿ ಮೈಮೇಲೆ ಬಂದಾಗ ಜೈನ ಮುನಿಯೊಬ್ಬರು "ಹೊಯ್ ಸಳ" ಎಂದರು, ಸಳ ಹೊಡೆದ, ಹೊಯ್ಸಳರಾದರು ಎಂದು ಐತಿಹ್ಯ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ನಂಬದಿದ್ದರೂ, ಅಖಾಡದ ಹೊರಗೆ ನಿಂತವನ ಕೂಗಿಗೆ ಒಂದು ರಾಜಮನೆತನದ ಹೆಸರಿನಷ್ಟು ಗೌರವ ಕೊಟ್ಟ ಸೀಮೆ ನಮ್ಮದು. ಬೇಲೂರಿನ ಗುಡಿಯಲ್ಲಿ ಸಳನೂ ಇದ್ದಾನೆ, ಹುಲಿಯೂ ಇದೆ. ಕೂಗಿದವರನ್ನು ಮಾತ್ರ ಹೊಯ್ಸಳರ ಆ ಲಾಂಛನದಲ್ಲಿ ಕೆತ್ತಲಿಲ್ಲ.

ಒಂದು ವಿಷಯದಲ್ಲಿ ಮೈಸೂರಿನ ಮಣ್ಣು ಟೋಕಿಯೋದ ಮಣ್ಣಿಗಿಂತ ಮುಂದಿದೆ. ಇಲ್ಲಿ ಈಗ ಹೆಣ್ಣುಮಕ್ಕಳ ಜೋಡಿಯೂ ಅಖಾಡಕ್ಕಿಳಿಯುತ್ತದೆ, ದಸರಾ ಕಿಶೋರಿ ಎಂಬ ಬಿರುದಿದೆ. ವೃತ್ತಿಪರ ಸುಮೋದ ವೃತ್ತಕ್ಕೆ ಹೆಂಗಸರು ಕಾಲಿಡುವಂತಿಲ್ಲ. 2018ರ ಏಪ್ರಿಲ್‌ನಲ್ಲಿ ಮೈಝುರು ಎಂಬಲ್ಲಿ ಭಾಷಣ ಮಾಡುತ್ತಿದ್ದ ಮೇಯರ್ ಅಖಾಡದಲ್ಲೇ ಕುಸಿದಾಗ, ಎದೆಯೊತ್ತಿ ಜೀವ ಉಳಿಸಲು ಓಡಿ ಬಂದ ಹೆಂಗಸರಿಗೂ ಕೆಳಗಿಳಿಯಿರಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಆಮೇಲೆ ಸುಮೋ ಸಂಘದ ಅಧ್ಯಕ್ಷರು ಕ್ಷಮೆ ಕೇಳಿದರು, ನಿಯಮ ಉಳಿಯಿತು. ನಮ್ಮ ಗೌಡರು ಹೆಣ್ಣುಮಕ್ಕಳ ಕುಸ್ತಿಯನ್ನು ಮೊದಮೊದಲು ಮುಖ ತಿರುಗಿಸಿಕೊಂಡೇ ನೋಡಿದವರು. ಈಗ ಅವರದು ಅದೇ ಹಳೇ ತಕರಾರು: "ಆ ಮಗು ಎದ್ರಿಗೆ ಇವಳನ್ನ ಯಾಕ್ ಬಿಟ್ರು? ಜೋಡಿ ಸರಿಯಿಲ್ಲ." ಇದಕ್ಕಿಂತ ದೊಡ್ಡ ಮಾನ್ಯತೆ ಅವರಿಂದ ಸಿಗಲಾರದು.

ಜಪಾನಿನವರಿಂದ ಒಂದು ಪದ್ಧತಿಯನ್ನು ನಾವು ತಂದುಕೊಳ್ಳಬೇಕು. ಪಂದ್ಯಾವಳಿಗೆ 13 ದಿನ ಮೊದಲೇ ಅಲ್ಲಿ ಮಲ್ಲರೆಲ್ಲರ ಪದವಿಪಟ್ಟಿ ಒಂದೇ ಹಾಳೆಯಲ್ಲಿ ಹೊರಬರುತ್ತದೆ. ಕುಸ್ತಿಯ ತೀರ್ಪುಗಾರರೇ ಕುಂಚ ಹಿಡಿದು ಕೈಬರಹದಲ್ಲಿ ಬರೆಯುವ ಪಟ್ಟಿ. ಮೇಲಿನವರ ಹೆಸರು ದಪ್ಪ, ಕೆಳಕೆಳಗೆ ಹೋದಂತೆ ಕೂದಲೆಳೆಯಷ್ಟು ಸಣ್ಣ. ಕುಸ್ತಿ ಶುರುವಾಗುವವರೆಗೂ ಜನ ಆ ಹಾಳೆ ಇಟ್ಟುಕೊಂಡು ವಾದ ಮಾಡುತ್ತಾರೆ. ದಸರೆಗೆ ಕಟ್ಟಿದ ನಾಡಕುಸ್ತಿಯ ಜೋಡಿಗಳನ್ನೂ ಹಾಗೆ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಗರಡಿ, ವಯಸ್ಸು, ತೂಕ, ಹಿಂದಿನ ಕುಸ್ತಿಗಳನ್ನು ಎದುರಿಗೆ ಬರೆದು, ಮಹಾಲಯ ಅಮಾವಾಸ್ಯೆಗೆ ಮೊದಲೇ ಜಿಲ್ಲೆ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ ಅಂಟಿಸಬಾರದೇಕೆ? ತಪ್ಪು ಜೋಡಿಯೊಂದನ್ನು ಅಖಾಡಕ್ಕೆ ಬಿಡುವ ಮೊದಲೇ ಹತ್ತು ಊರಿನವರು ತಡೆಯಬಹುದು. ಬೆಳಗೋಡಿಗೆ ಎರಡು ಪ್ರತಿ ಸಾಕು: ಒಂದು ಗೌಡರಿಗೆ, ಇನ್ನೊಂದು ರೈಟ್ರಿಗೆ. ಒಂದೇ ಪ್ರತಿ ಕಳಿಸಿದರೆ ಇಬ್ಬರಿಗೂ ಅಲ್ಲೇ ಜೋಡಿ ಕಟ್ಟಬೇಕಾಗುತ್ತದೆ.