ಬೆನ್ನೇರುವ ಮುನ್ನ

ಅಹಿಂಸೆ ಎಂದೊಡನೆ ಕೊಲ್ಲದಿರುವುದು, ಮಾಂಸವನ್ನು ವರ್ಜಿಸುವುದು ಎಂಬಷ್ಟಕ್ಕೇ ನಮ್ಮ ಚಿಂತನೆ ನಿಂತುಬಿಡುತ್ತದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ನಮ್ಮ ದೃಷ್ಟಿಯನ್ನು ಇನ್ನೂ ಹತ್ತಿರಕ್ಕೆ ತಿರುಗಿಸುತ್ತಾರೆ. ಪ್ರಾಣಿಯನ್ನು ಅಲುಗಾಡದಂತೆ ಬಿಗಿಯುವುದು, ಹೊಡೆಯುವುದು, ಅದರ ಅಂಗಗಳನ್ನು ಛೇದಿಸುವುದು, ಶಕ್ತಿ ಮೀರಿ ಹೊರೆ ಹೊರಿಸುವುದು, ಮೇವು ನೀರನ್ನು ತಡೆಯುವುದು. ಇವು ಬೇಟೆಗಾರನ ದೋಷಗಳಲ್ಲ. ಕೊಟ್ಟಿಗೆಯಲ್ಲಿ ಎತ್ತನ್ನೂ ಲಾಯದಲ್ಲಿ ಕುದುರೆಯನ್ನೂ ಕಟ್ಟಿಕೊಂಡ ವ್ರತಿಕನ ದೋಷಗಳು. ಪ್ರಾಣಿಯನ್ನು ಕೊಲ್ಲದೆಯೂ ವ್ರತಕ್ಕೆ ಕಳಂಕ ತಂದುಕೊಳ್ಳಬಹುದೆಂಬುದೇ ಇದರ ಅರ್ಥ.

ಮುನಿಗಳು ಯಾವ ವಾಹನವನ್ನೂ ಏರುವುದಿಲ್ಲ, ಅವರದು ಪಾದವಿಹಾರ. ಗೃಹಸ್ಥನಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಭರತ ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಆನೆಯೂ ಕುದುರೆಯೂ ಇದ್ದವು. ಆದ್ದರಿಂದ ಸವಾರಿ ನಿಷಿದ್ಧವೇ ಎಂಬುದಕ್ಕಿಂತ, ಯಾರ ಮೇಲೆ, ಯಾವ ಅಗತ್ಯಕ್ಕೆ, ಎಷ್ಟು ಭಾರ ಎಂಬ ಪ್ರಶ್ನೆಗಳೇ ಮುಖ್ಯವಾಗುತ್ತವೆ. ಸವಾರನೂ ಒಂದು ಹೊರೆಯೇ ಎಂಬುದನ್ನು ಜೀನಿನ ಮೇಲೆ ಕುಳಿತವನು ಬಹುಬೇಗ ಮರೆಯುತ್ತಾನೆ.

ಹೊರುವ ಜೀವ ಯಾವುದು? ಕುದುರೆ, ಆನೆ, ಒಂಟೆಗಳು ಮನಸ್ಸುಳ್ಳ ಪಂಚೇಂದ್ರಿಯ ಜೀವಿಗಳು. ಇಂತಹ ತಿರ್ಯಂಚರು ಸಮ್ಯಗ್ದರ್ಶನವನ್ನು ಪಡೆದು ಐದನೆಯ ಗುಣಸ್ಥಾನದವರೆಗೆ, ಅಂದರೆ ವ್ರತಿಕ ಶ್ರಾವಕನ ಮಟ್ಟದವರೆಗೆ ಏರಬಲ್ಲರೆಂದು ಆಗಮ ಒಪ್ಪುತ್ತದೆ. ಭಗವಾನ್ ಪಾರ್ಶ್ವನಾಥರ ಜೀವವು ಹಿಂದಿನ ಭವವೊಂದರಲ್ಲಿ ವಜ್ರಘೋಷವೆಂಬ ಆನೆಯಾಗಿತ್ತು. ಮದವೇರಿ ಬಂದ ಆ ಆನೆ ಅರವಿಂದ ಮುನಿಗಳ ಸನ್ನಿಧಿಯಲ್ಲಿ ಶಾಂತವಾಗಿ ಶ್ರಾವಕವ್ರತಗಳನ್ನು ಸ್ವೀಕರಿಸಿ, ಒಣಗಿದ ಎಲೆಗಳನ್ನು ತಿಂದು ಬದುಕಿತು. ಅಂಕುಶಕ್ಕೆ ಬಾಗುವ ದೇಹದೊಳಗೆ ಎಂತಹ ಆತ್ಮವಿರಬಹುದೆಂದು ಹೇಳಬಲ್ಲವರಾರು?

ಹಿಂದಿನವರಿಗೆ ಸವಾರಿ ಅನಿವಾರ್ಯವಾಗಿತ್ತು. ಇಂದು ಊರಿಂದೂರಿಗೆ ಹೋಗಲು ಯಾರಿಗೂ ಕುದುರೆ ಬೇಕಿಲ್ಲ. ನಾವು ಅದರ ಬೆನ್ನೇರುವುದು ಗಿರಿಕ್ಷೇತ್ರದ ದಾರಿಯಲ್ಲಿ, ಮದುವೆಯ ದಿಬ್ಬಣದಲ್ಲಿ, ಕಡಲತೀರದ ವಿಹಾರದಲ್ಲಿ. ಅಗತ್ಯ ಕುಗ್ಗಿದಷ್ಟೂ ಹೊಣೆ ಹೆಚ್ಚುತ್ತದೆ. ಜೀವನೋಪಾಯಕ್ಕಾಗಿ ಆದ ಹಿಂಸೆಯನ್ನೂ ಆಡಂಬರಕ್ಕಾಗಿ ಆದ ಹಿಂಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಲೌಕಿಕ ಕಾನೂನೂ ಈ ಹೊಣೆಯನ್ನು ಗುರುತಿಸಿದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲಿ ರೂಪಿಸಿದ ನಿಯಮಗಳಂತೆ ತಟ್ಟುಕುದುರೆಯ ಮೇಲೆ 70 ಕಿಲೋ, ಹೇಸರಗತ್ತೆಯ ಮೇಲೆ 200 ಕಿಲೋ ಮೀರಿ ಹೊರೆ ಹೇರುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು. ಮೈತುಂಬಿದ ಯಾತ್ರಿಕನೊಬ್ಬ ಚೀಲಸಮೇತ ತಟ್ಟುವಿನ ಮೇಲೆ ಕುಳಿತರೆ ಆ 70 ಕಿಲೋ ಎಲ್ಲಿ ಉಳಿಯಿತು? ಕಾನೂನು ಕಿಲೋಗಳಲ್ಲಿ ಅಳೆಯುವುದನ್ನು ವ್ರತವು ಕರುಣೆಯಿಂದ ಅಳೆಯಬೇಕು.

ಕುದುರೆಯವನ ಹೊಟ್ಟೆಪಾಡು ಏನಾಗಬೇಕು, ನಡೆಯಲಾರದ ವೃದ್ಧರು ತೀರ್ಥದರ್ಶನವನ್ನೇ ಬಿಡಬೇಕೆ ಎಂಬ ಆಕ್ಷೇಪಗಳು ನ್ಯಾಯವಾದವು. ವೃದ್ಧರೂ ಅಶಕ್ತರೂ ಏರಲಿ. ಏರುವ ಮುನ್ನ ಬೆನ್ನಿನ ಮೇಲೆ ಹುಣ್ಣಿದೆಯೇ, ಕಾಲು ಕುಂಟುತ್ತಿದೆಯೇ, ನೀರು ಕುಡಿದಿದೆಯೇ ಎಂದು ನೋಡಲಿ. ಹುಣ್ಣಿದ್ದರೂ ಕುಂಟುತ್ತಿದ್ದರೂ ಏರದಿರಲಿ. ಬಾಡಿಗೆಯಲ್ಲಿ ಚೌಕಾಸಿ ಮಾಡದಿರಲಿ. ನಾವು ಉಳಿಸಿದ ಹಣವನ್ನು ಮಾಲೀಕನು ಇನ್ನೊಂದು ಸುತ್ತು ಹೊರಿಸಿಯೇ ಗಳಿಸುತ್ತಾನೆ. ಕಾಲಲ್ಲಿ ಶಕ್ತಿಯಿರುವವರು ನಡೆಯಲಿ. ಪುಣ್ಯ ನಮ್ಮದು, ಆಯಾಸ ಮಾತ್ರ ಕುದುರೆಯದು ಎಂಬ ಯಾತ್ರೆ ಯಾವ ಲೆಕ್ಕದ ಯಾತ್ರೆ?

ಇನ್ನು ನಮ್ಮ ಉತ್ಸವಗಳ ಮಾತು. ಪಂಚಕಲ್ಯಾಣದ ಜನ್ಮಾಭಿಷೇಕದಲ್ಲಿ ಸೌಧರ್ಮೇಂದ್ರನು ಐರಾವತವನ್ನೇರಿ ಬರುವ ಪ್ರಸಂಗಕ್ಕಾಗಿ ಜೀವಂತ ಆನೆಯನ್ನು ತರಿಸುವ ರೂಢಿ ಅನೇಕ ಕಡೆ ಇದೆ. ವಾದ್ಯಗಳ ಅಬ್ಬರ, ಕಾದ ಡಾಂಬರು ರಸ್ತೆ, ಕಾಲಿಗೆ ಸರಪಳಿ. ಆದರೆ ದೇವಲೋಕದಲ್ಲಿ ಪಂಚೇಂದ್ರಿಯ ತಿರ್ಯಂಚರೇ ಇಲ್ಲ. ಅಲ್ಲಿನ ಐರಾವತ ಪ್ರಾಣಿಯಲ್ಲ. ಆಭಿಯೋಗ್ಯ ದೇವನೊಬ್ಬನು ವಿಕ್ರಿಯೆಯಿಂದ ತಾಳಿದ ರೂಪ. ಸೇವೆಗೆಂದೇ ನಿಯುಕ್ತನಾದ ದೇವನು ತಾಳಿದ ರೂಪವನ್ನು ನೆನಪಿಸಲು ಬಂಧನದಲ್ಲಿರುವ ಜೀವವೊಂದನ್ನು ಏಕೆ ನಡೆಸಬೇಕು? ಮರದಲ್ಲಿ ಕಡೆದು, ಗಾಲಿಯ ಮೇಲೆ ನಿಲ್ಲಿಸಿ, ಭಕ್ತರೇ ಎಳೆಯುವ ಐರಾವತವು ಶಾಸ್ತ್ರಕ್ಕೂ ಹತ್ತಿರ, ವ್ರತಕ್ಕೂ ಹತ್ತಿರ. ಬಸದಿಗಳ ಸಮಿತಿಗಳು ಈ ಬಗ್ಗೆ ಗಂಭೀರವಾಗಿ ಆಲೋಚಿಸಿ ನಿರ್ಣಯ ಕೈಗೊಳ್ಳುವುದು ಉಚಿತ.

ಸಂಜೆಯ ಪ್ರತಿಕ್ರಮಣದಲ್ಲಿ ತುಳಿದ ಇರುವೆಗಾಗಿ ಕ್ಷಮೆ ಬೇಡುವ ನಾವು, ಹಗಲೆಲ್ಲ ನಮ್ಮನ್ನು ಹೊತ್ತು ಬೆವೆತ ಬೆನ್ನನ್ನೂ ನೆನೆಯೋಣ. ಮರುದಿನ ನಡೆಯಬಲ್ಲಷ್ಟು ದೂರವಾದರೂ ಇಳಿದು ನಡೆಯೋಣ.