ಕೊಟ್ಟ ಮಾತು, ಬರೆದ ಬೆಲೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕಣ್ಣಾರೆ ಕಂಡವರಿಗೆ ಅದರ ವಿಸ್ತಾರವನ್ನು ಬಣ್ಣಿಸಬೇಕಾದುದಿಲ್ಲ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿದ ಈ ಜಲರಾಶಿಯ ಹುಟ್ಟನ್ನು ಕುರಿತು ಜನರಲ್ಲಿ ಒಂದು ಐತಿಹ್ಯವಿದೆ. ಶಾಂತವ್ವೆಯೆಂಬ ರಾಜಪುತ್ರಿ ಕೆರೆ ಕಟ್ಟಿಸಲು ಬಯಸಿದಾಗ ಆ ಎಡೆಯಲ್ಲಿ ವೇಶ್ಯೆಯರು ನೆಲಸಿದ್ದರಂತೆ. ನೆಲವನ್ನು ಬಿಟ್ಟುಕೊಡಿರೆಂದು ಆಕೆ ಬೇಡಿದಳು. ಕೆರೆಗೆ ತಮ್ಮ ಹೆಸರೇ ಉಳಿಯಬೇಕೆಂದು ಅವರು ಕರಾರು ಹಾಕಿದರು. ಶಾಂತಿಸಾಗರವೆಂಬ ಹೆಸರು ಕಾಗದಪತ್ರಗಳಲ್ಲಿ ಎಷ್ಟೇ ಮೆರೆದರೂ ಜನರ ನಾಲಗೆಯ ಮೇಲೆ ನಿಂತಿರುವುದು ಆ ಹಳೆಯ ಹೆಸರೇ.

ಈ ಕಥೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬುದು ಬೇರೆಯ ಮಾತು. ಅದು ಒಂದು ನೆಲೆ ಕೈಬದಲಾದ ಕಥೆಯೆಂಬುದನ್ನು ಮಾತ್ರ ಮರೆಯಬಾರದು. ಅಲ್ಲಿ ಮನೆಯಿದ್ದವರನ್ನು ಕೇಳದೆ ನೆಲವನ್ನು ತೆಗೆದುಕೊಳ್ಳಲಿಲ್ಲ, ಅವರೂ ತಮಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಿದರು, ಹೇಳಿದ್ದು ನಡೆಯಿತು. ಇಂದಿನ ಮನೆಮಾರಾಟಗಳಲ್ಲಿ ಈ ಮೂರೂ ಒಟ್ಟಿಗೆ ಕಾಣಸಿಗುವುದು ವಿರಳ.

ಕೆರೆಯ ಸುತ್ತಿನ ಯಾವುದೇ ಊರಿನ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಮಕ್ಕಳು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ನೆಲಸಿದ್ದಾರೆ. ತಂದೆಯ ಕಾಲದ ದೊಡ್ಡ ಮನೆ ಬೀಗ ಹಾಕಿಕೊಂಡು ನಿಂತಿದೆ. ಮಾರಬೇಕು. ದಲ್ಲಾಳಿಯ ಮೂಲಕ ಮಾರಿದರೆ ಅವನ ಕಮಿಷನ್ ತೆರಬೇಕು. ಆದುದರಿಂದ ತಾನೇ ಮಾರುವುದೆಂದು ಆತ ನಿಶ್ಚಯಿಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದಲ್ಲಾಳಿಯನ್ನು ಬಿಟ್ಟವನು ದಲ್ಲಾಳಿ ಮಾಡಬೇಕಾಗಿದ್ದ ಕೆಲಸವನ್ನೂ ಬಿಟ್ಟುಬಿಡುವುದುಂಟು. ತೊಡಕು ಮೊದಲಾಗುವುದು ಅಲ್ಲಿಂದ.

ಮೊದಲನೆಯದು ಬೆಲೆ. ಮಾರುವವನು ಪಡಸಾಲೆಯ ಸಾಗುವಾನಿ ಕಂಬಗಳನ್ನೂ ಅಜ್ಜ ತೆಗೆಸಿದ ಬಾವಿಯನ್ನೂ ಲೆಕ್ಕ ಹಿಡಿಯುತ್ತಾನೆ; ಕೊಳ್ಳುವವನು ಸೋರುವ ಮಾಡನ್ನೂ ಗಾಡಿ ತಿರುಗದ ಓಣಿಯನ್ನೂ ಲೆಕ್ಕ ಹಿಡಿಯುತ್ತಾನೆ. ಇಬ್ಬರ ಲೆಕ್ಕವೂ ಸುಳ್ಳಲ್ಲ. ಸರ್ಕಾರವು ನಿಗದಿಪಡಿಸುವ ಮಾರ್ಗಸೂಚಿ ಬೆಲೆಯು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವುದೇ ಹೊರತು ಪೇಟೆಯ ಧಾರಣೆಯಲ್ಲ. ನೆರೆಮನೆ ಇಷ್ಟಕ್ಕೆ ಹೋಯಿತಂತೆ ಎಂಬ ಮಾತಂತೂ ಕಟ್ಟೆಯಿಂದ ಕಟ್ಟೆಗೆ ಬರುವಷ್ಟರಲ್ಲಿ ಬೆಳೆದುಬಿಟ್ಟಿರುತ್ತದೆ.

ಎರಡನೆಯದು ಮನೆಯ ದೋಷ. ಮಳೆಗಾಲದಲ್ಲಿ ಹಿಂಗೋಡೆ ತೇವ ಹೀರುತ್ತದೆಂಬುದು ಮನೆಯವರಿಗೆ ಗೊತ್ತು. ನೋಡಲು ಬರುವವರಿಗಾಗಿ ಬೇಸಗೆಯಲ್ಲಿ ಅದಕ್ಕೆ ಸುಣ್ಣ ಬಳಿಯಲಾಗುತ್ತದೆ. ಇದು ಜಾಣತನವೆಂದು ಅನೇಕರ ಭಾವನೆ. ಆದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು ಬೇರೆಯೇ ಮಾತನ್ನಾಡುತ್ತದೆ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಕಾಣದಂತಹ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆಯೆನಿಸುತ್ತದೆ. ಗೋಡೆಯ ದೋಷಕ್ಕಷ್ಟೇ ಅಲ್ಲ, ಹಕ್ಕಿನ ದೋಷಕ್ಕೂ ಈ ಮಾತು ಸಲ್ಲುತ್ತದೆ. ಆದಕಾರಣವೇ ಋಣಭಾರ ಪತ್ರವನ್ನೂ ಪಂಚಾಯಿತಿಯ ಇ-ಸ್ವತ್ತು ದಾಖಲೆಯನ್ನೂ ಕೊಳ್ಳುವವನು ಕೇಳುವ ಮೊದಲೇ ಮುಂದಿಡುವುದು ಲೇಸು. ಹಳೆಯ ಪತ್ರಗಳಲ್ಲಿ ಶಿವಮೊಗ್ಗ ಜಿಲ್ಲೆಯೆಂದು ಬರೆದಿದ್ದರೆ ಗಾಬರಿಗೊಳ್ಳಬೇಕಾದುದಿಲ್ಲ. ಚನ್ನಗಿರಿ ದಾವಣಗೆರೆ ಜಿಲ್ಲೆಗೆ ಸೇರಿದುದು 1997ರಲ್ಲಿ.

ಹಕ್ಕಿನ ಮಾತು ಬಂದಾಗ ಮನೆಯ ಹೆಣ್ಣುಮಕ್ಕಳನ್ನು ನೆನೆಯದೆ ಮುಂದುವರಿಯುವಂತಿಲ್ಲ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹಿಂದೂ ಕುಟುಂಬದ ಮಗಳಿಗೆ ಮಗನಂತೆಯೇ ಪಾಲಿದೆಯೆಂಬ ಶಾಸನವನ್ನು ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತು. ಆಗ ಅದು ಮದುವೆಯಾಗದ ಹೆಣ್ಣುಮಕ್ಕಳಿಗೆ ಸೀಮಿತವಾಗಿತ್ತು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದು ಆ ಕಟ್ಟೂ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಶಾಸನ ಹೀಗಿರುವಾಗ ರೂಢಿ ಹೇಗಿದೆ? ಗೌರಿಹಬ್ಬಕ್ಕೆ ತವರಿಗೆ ಬಂದ ತಂಗಿಗೆ ಸೀರೆ, ಕುಪ್ಪಸ, ಬಾಗಿನ ಕೊಟ್ಟು, ಚನ್ನಗಿರಿಗೆ ಕರೆದೊಯ್ದು, “ಇಲ್ಲೊಂದು ಸಹಿ ಹಾಕವ್ವ” ಎನ್ನುವ ಅಣ್ಣಂದಿರು ಇದ್ದಾರೆ. ಏನು ಬರೆದಿದೆಯೆಂದು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಆಕೆ ಸಹಿ ಹಾಕುತ್ತಾಳೆ. ತಿಳಿದು, ಮನಸಾರೆ ಪಾಲು ಬಿಟ್ಟುಕೊಡುವುದು ಆಕೆಯ ಔದಾರ್ಯ. ತಿಳಿಯಗೊಡದೆ ಬಿಡಿಸಿಕೊಳ್ಳುವುದು ಔದಾರ್ಯದ ದುರುಪಯೋಗ. ಕೆರೆಯ ಕಥೆಯಲ್ಲಿ ಸಮಾಜವು ಕೀಳಾಗಿ ಕಂಡ ಹೆಂಗಸರಿಗೂ ಒಂದು ಕರಾರು ಹಾಕುವ ಅವಕಾಶವಿತ್ತು. ಮನೆಮಗಳಿಗೆ ಅಷ್ಟೂ ಇಲ್ಲವೆಂದರೆ ಅದು ಆ ಮನೆತನಕ್ಕೆ ಶೋಭೆಯಲ್ಲ. ಕೊಳ್ಳುವವನಿಗೂ ಇದು ಕ್ಷೇಮವಲ್ಲ. ಬಿಟ್ಟುಹೋದ ಪಾಲುದಾರಳು ನ್ಯಾಯಾಲಯದ ಮೆಟ್ಟಿಲೇರಿದರೆ ಕ್ರಯಪತ್ರವೇ ಪ್ರಶ್ನೆಗೊಳಗಾಗುತ್ತದೆ.

ಇನ್ನುಳಿದುದು ಕ್ರಯಪತ್ರದಲ್ಲಿ ಬರೆಯುವ ಬೆಲೆ. ಒಪ್ಪಿದ ಬೆಲೆ ಒಂದು, ಬರೆದ ಬೆಲೆ ಇನ್ನೊಂದು. ಶುಲ್ಕ ಉಳಿಯುತ್ತದೆ, ಎಲ್ಲರೂ ಮಾಡುವುದು ಹೀಗೆಯೇ ಎಂಬ ಸಮಾಧಾನ ಬೇರೆ. ಸರ್ಕಾರಕ್ಕೆ ಆಗುವ ನಷ್ಟ ಹಾಗಿರಲಿ. ಬರೆಯದೆ ಬಿಟ್ಟ ಹಣವನ್ನು ಕೊಳ್ಳುವವನು ಕೊಡದೆ ಹೋದರೆ ಮಾರಿದವನು ಯಾವ ಕಾಗದವನ್ನು ತೋರಿಸಬೇಕು? ಕೊಂಡವನು ಅದೇ ಮನೆಯನ್ನು ಮುಂದೆ ನಿಜಬೆಲೆಗೆ ಮಾರಿದಾಗ, ಕಾಗದದ ಸಣ್ಣ ಬೆಲೆಗೂ ಅದಕ್ಕೂ ಇರುವ ಅಂತರವೆಲ್ಲ ಅವನ ಲಾಭವೆಂದೇ ಎಣಿಕೆಯಾಗಿ ತೆರಿಗೆ ಬೀಳುತ್ತದೆ. ಅಲ್ಲದೆ ಸ್ಥಿರಸ್ವತ್ತಿನ ಮಾರಾಟದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು 2015ರಲ್ಲಿ ಆದಾಯ ತೆರಿಗೆ ಶಾಸನದ ತಿದ್ದುಪಡಿಯು ನಿಷೇಧಿಸಿತು. ಶಾಂತವ್ವೆಯ ಕಾಲದಲ್ಲಿ ಆಡಿದ ಮಾತೇ ಪತ್ರವಾಗಿತ್ತೆಂದು ಹೊಗಳುವವರು, ಪತ್ರವಿದ್ದೂ ಅದರಲ್ಲಿ ಆಡಿದ ಮಾತು ಇಲ್ಲದಿರುವುದನ್ನು ಏನೆಂದು ಕರೆಯುತ್ತಾರೋ ತಿಳಿಯದು.

ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಾಗಿಲ್ಲ. ಉಪನೋಂದಣಾಧಿಕಾರಿಯ ಕಚೇರಿಗೆ ಹೊರಡುವ ಹಿಂದಿನ ದಿನ, ಮಾರಬೇಕಾದ ಆ ಮನೆಯ ಪಡಸಾಲೆಯಲ್ಲಿಯೇ ಮಾರುವವರೂ ಕೊಳ್ಳುವವರೂ ಕುಳಿತು, ಕರಡನ್ನು ಚಕ್ಕುಬಂದಿಯಿಂದ ಹಿಡಿದು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸಬಹುದು. ಓದು ಬಾರದ ಅಕ್ಕನೂ ದೂರದ ಊರಿನಿಂದ ಬಂದ ತಂಗಿಯೂ ಅಲ್ಲಿರಲಿ. ಹಿಂಗೋಡೆಯ ತೇವವನ್ನೂ ಆಗಲೇ ತೋರಿಸಲಿ. ಇದಕ್ಕೆಲ್ಲ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯದು.